ಶಮಿಜಾಲ್ ವಿವಾದ: ಟೆಕ್ಸಾಸ್ ಗಡಿಯಲ್ಲಿ ಅಧ್ಯಕ್ಷರ ಭೇಟಿಗಳು

ಟೆಕ್ಸಾಸ್ 1836ರಿಂದ 1845ರವರೆಗೆ ಸ್ವತಂತ್ರ ಗಣರಾಜ್ಯವಾಗಿತ್ತು. ಅದು ಅಮೆರಿಕಕ್ಕೆ ಸೇರಿದ ಮೇಲೆ ಅದರ ಗಡಿ ನ್ಯೂಸೆಸ್ ನದಿಯೇ, ರಿಯೊ ಗ್ರಾಂಡೆಯೇ ಎಂಬ ಜಗಳ ಅಮೆರಿಕ-ಮೆಕ್ಸಿಕೊ ಯುದ್ಧಕ್ಕೆ ದಾರಿಯಾಯಿತು. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದ ರಿಯೊ ಗ್ರಾಂಡೆಯನ್ನೇ ಗಡಿಯೆಂದಿತು.

ಆದರೆ ನದಿ ಪಾತ್ರ ಬದಲಿಸಿತು! ಎಲ್ ಪಾಸೊ ಬಳಿಯ ಶಮಿಜಾಲ್ ಭೂಮಿ ಉತ್ತರದ ದಡಕ್ಕೆ ಸೇರಿ ಹೊಸ ವಿವಾದ ಹುಟ್ಟಿತು. 1909ರ ಅಕ್ಟೋಬರ್ 16ರಂದು ಅಮೆರಿಕದ ಟಾಫ್ಟ್ ಮತ್ತು ಮೆಕ್ಸಿಕೊದ ಪೋರ್ಫಿರಿಯೊ ಡಿಯಾಸ್ ಎಲ್ ಪಾಸೊ ಹಾಗೂ ಗಡಿಯಾಚೆಯ ಹ್ವಾರೆಸ್‌ನಲ್ಲಿ ಭೇಟಿಯಾದರು. ಉಭಯ ದೇಶಗಳ ಅಧ್ಯಕ್ಷರ ಮೊದಲ ಮುಖಾಮುಖಿ ಇದು. ವಿವಾದಿತ ಶಮಿಜಾಲನ್ನು ಆ ದಿನ ತಟಸ್ಥ ಪ್ರದೇಶವೆಂದು ಪರಿಗಣಿಸಲಾಗಿತ್ತು. ಆದರೆ ಈ ವಿವಾದದ ಕುರಿತ 1911ರ ಮಧ್ಯಸ್ಥಿಕೆ ತೀರ್ಪನ್ನು ಅಮೆರಿಕ ಒಪ್ಪಲಿಲ್ಲ. ಅರ್ಧ ಶತಮಾನ ವ್ಯರ್ಥವಾದದ್ದು ನಿಜಕ್ಕೂ ವಿಷಾದಕರ.

1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಮೆಕ್ಸಿಕೊಗೆ ಭೇಟಿ ನೀಡಿದ ಮೇಲೆ ಮಾತುಕತೆಗೆ ವೇಗ ಬಂತು. 1963ರ ಆಗಸ್ಟ್ 29ರಂದು ಶಮಿಜಾಲ್ ಒಪ್ಪಂದಕ್ಕೆ ಸಹಿ ಬಿತ್ತು. ನವೆಂಬರ್ 22ರಂದು ಕೆನಡಿ ಡಲ್ಲಾಸ್‌ನಲ್ಲಿ ಹತರಾದರು. ಅದೇ ನಗರದ ಲವ್ ಫೀಲ್ಡ್‌ನಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಪಡೆದ ಲಿಂಡನ್ ಜಾನ್ಸನ್ ಒಪ್ಪಂದದ ಕೆಲಸ ಮುಂದುವರಿಸಿದರು. ಮೆಕ್ಸಿಕೊದ ಅಧ್ಯಕ್ಷರಾಗಿದ್ದ ಲೋಪೆಸ್ ಮಟೆಯೊಸ್ ಅವರನ್ನು 1964ರಲ್ಲಿ, ನಂತರದ ಅಧ್ಯಕ್ಷ ಡಿಯಾಸ್ ಓರ್ದಾಸ್ ಅವರನ್ನು 1967ರಲ್ಲಿ ಜಾನ್ಸನ್ ಗಡಿಯಲ್ಲೇ ಭೇಟಿಯಾದರು. ಒಪ್ಪಂದದಂತೆ ನದಿಗೆ ಕಾಂಕ್ರೀಟ್ ಕಾಲುವೆ ಕಟ್ಟಲಾಯಿತು. ಎಲ್ ಪಾಸೊದ ಸಾವಿರಾರು ನಿವಾಸಿಗಳು ಮನೆ ತೊರೆಯಬೇಕಾಯಿತು.

ಪರೀಕ್ಷಾರ್ಥಿಗಳು 1848, 1911, 1963 ಈ ಮೂರು ವರ್ಷಗಳನ್ನು ನೆನಪಿಟ್ಟುಕೊಳ್ಳಬೇಕು.