ಪಿನ್ನು ಚುಚ್ಚುವ ಮುನ್ನ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆಗೆ ಫೈಬರ್ ಹಾಕಿಸಿಕೊಂಡವರಿಗೆ ಒಂದು ಮಾತು. ನೆಟ್ ನಿಂತಿತೆಂದು ರೌಟರಿನ ಸಣ್ಣ ತೂತಿಗೆ ಪಿನ್ನು ಚುಚ್ಚಬೇಡಿ. ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ಕಂಪನಿಯವರು ತುಂಬಿಸಿದ್ದ ಯೂಸರ್‌ನೇಮು, ವಿಎಲ್‌ಎಎನ್ ಸಂಖ್ಯೆ ಎಲ್ಲ ಅಳಿಸಿಹೋಗಬಹುದು. ನಾನು ಚುಚ್ಚಿ, ಕಂಪನಿ ಹುಡುಗ ಬರುವವರೆಗೆ ಮೂರು ದಿನ ಕಾದೆ. ‘ಸೇವ್’ ಒತ್ತಿದರೂ ಸೇವ್ ಆಗದ, ‘ಅಪ್ಲೈ’ಯನ್ನು ಇನ್ನೊಂದು ಪುಟದಲ್ಲಿ ಬಚ್ಚಿಟ್ಟ, ರೌಟರಿನೊಳಗಿನ ಆ ಫರ್ಮ್‌ವೇರ್ ಬರೆದ ಪುಣ್ಯಾತ್ಮ ತಾನೇ ಅದನ್ನು ಒಮ್ಮೆಯೂ ಬಳಸಿರಲಾರ!

ಅನೇಕ ರೌಟರುಗಳಿಗೆ 192.168.1.1 ಬಾಗಿಲು. ಅದನ್ನು ಬ್ರೌಸರಿನಲ್ಲಿ ತೆರೆದು, ಸೆಟ್ಟಿಂಗುಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ‘ಅಡ್ಮಿನ್’ ಎಂಬ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ಮಿರಾಯ್ ಕುತಂತ್ರಾಂಶ ಲಕ್ಷಾಂತರ ಸಾಧನಗಳಿಗೆ ನುಗ್ಗಿದ್ದು ಇಂಥ ಪಾಸ್‌ವರ್ಡುಗಳಿಂದಲೇ. ಇನ್ನು ಫರ್ಮ್‌ವೇರ್ ಅಪ್‌ಡೇಟು: ನಡುವೆ ಕೈಕೊಡುವ ನಮ್ಮ ಕರೆಂಟನ್ನು ನೆಚ್ಚಬೇಡಿ, ಯುಪಿಎಸ್‌ಗೆ ಸಿಕ್ಕಿಸಿಯೇ ಮಾಡಿ.