ಜೀರ್ಣೋದ್ಧಾರವೆಂಬ ಧರ್ಮಕಾರ್ಯ: ಹಳೆಯ ಕಲ್ಲುಕಟ್ಟಡಗಳ ರಕ್ಷಣೆಯ ಕೆಲವು ಪಾಠಗಳು



1993ರ ಸೆಪ್ಟೆಂಬರ್ 29ರಂದು ಅನಂತ ಚತುರ್ದಶಿ. ದಿಗಂಬರ ಜಿನಾಲಯಗಳಲ್ಲಿ ದಶಲಕ್ಷಣ ಪರ್ವವು ಅಂದು ಸಂಪನ್ನಗೊಂಡಿತು. ಊರೂರುಗಳಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗಳು ನಡೆದವು. ದಣಿದ ಜನರು ಗಾಢನಿದ್ರೆಯಲ್ಲಿದ್ದಾಗ, 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಕಿಲ್ಲಾರಿಯ ಸುತ್ತಣ ಭೂಮಿ ಕಂಪಿಸಿತು. ಔಸಾ ಮತ್ತು ಉಮರ್ಗಾ ತಾಲ್ಲೂಕುಗಳ ಅನೇಕ ಹಳ್ಳಿಗಳು ಕ್ಷಣಮಾತ್ರದಲ್ಲಿ ಕಲ್ಲಿನ ರಾಶಿಗಳಾದವು. ಸುಮಾರು 8000 ಜನರು ಪ್ರಾಣ ಕಳೆದುಕೊಂಡರು. ಕ್ಷಮೆ ಬೇಡಬೇಕಾಗಿದ್ದವರೂ, ಕ್ಷಮೆ ನೀಡಬೇಕಾಗಿದ್ದವರೂ ಎಷ್ಟೋ ಮಂದಿ ಆ ವರ್ಷ ಕ್ಷಮಾವಾಣಿಯ ದಿನವನ್ನು ಕಾಣಲೇ ಇಲ್ಲ.

ಉಮರ್ಗಾ, ನಿಲಂಗಾ, ಉದಗೀರಗಳ ಈ ಸೀಮೆಯು ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಕೂಡುವ ನೆಲ. ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವು. ನಮ್ಮಲ್ಲಿ ಕೆಲವರು ‘ಬಸದಿ’ ಎನ್ನುವುದನ್ನು ಇನ್ನು ಕೆಲವರು ‘ಮಂದಿರ’ವೆನ್ನುತ್ತಾರೆ. ಆದರೆ ಹಳೆಯ ಗೋಡೆಯ ಬಿರುಕಿಗೆ ಭಾಷಾಭೇದವಿಲ್ಲ. ಆದ್ದರಿಂದ ಆ ನಸುಕು ಕಲಿಸಿದ ಪಾಠವನ್ನು ಜಿನಾಲಯ, ಪಾಠಶಾಲೆ, ಧರ್ಮಶಾಲೆಗಳ ಹೊಣೆ ಹೊತ್ತ ನಾವೆಲ್ಲರೂ ಅರಿಯುವುದು ಅವಶ್ಯ.

ಆರೈಕೆಯೇ ಭಾರವಾದ ಬಗೆ

ಆ ಕಂಪನದ ಪ್ರಮಾಣ 6.2. ಅಂದಿನ ಭೂಕಂಪ ನಕ್ಷೆಯಲ್ಲಿ ಈ ಪ್ರದೇಶವು ಅತ್ಯಲ್ಪ ಅಪಾಯದ 1ನೇ ವಲಯದಲ್ಲಿತ್ತು; 2002ರ ನಕ್ಷೆಯಲ್ಲಿ ಅದನ್ನು 3ನೇ ವಲಯಕ್ಕೆ ಸೇರಿಸಲಾಯಿತು. ಜನರ ಪ್ರಾಣ ತೆಗೆದದ್ದು ಬಹುಮಟ್ಟಿಗೆ ಅವರ ಮನೆಗಳೇ. ಅಲ್ಲಿಯ ಗೋಡೆಗಳು ಎರಡರಿಂದ ನಾಲ್ಕು ಅಡಿ ದಪ್ಪವಾಗಿದ್ದವು. ನೋಡಲು ಕೋಟೆಯಂತಿದ್ದರೂ ಅವು ನಿಜವಾಗಿ ಒಂದು ಗೋಡೆಯಲ್ಲ, ಎರಡು: ಹೊರಗೊಂದು ಕಲ್ಲಿನ ಪದರ, ಒಳಗೊಂದು ಕಲ್ಲಿನ ಪದರ, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡನ್ನೂ ಹಿಡಿದು ನಿಲ್ಲಿಸುವ ಅಡ್ಡಗಲ್ಲುಗಳಿರಲಿಲ್ಲ. ನೆಲ ನಡುಗಿದಾಗ ಎರಡು ಪದರಗಳೂ ಬೇರೆಬೇರೆಯಾಗಿ ಉಬ್ಬಿ ಒಡೆದವು.

ಮೇಲೆ ತೊಲೆ, ಜಂತಿ, ಹಲಗೆಗಳ ಮೇಲೆ ಹರಡಿದ ಮೇಲ್ಮುದ್ದೆ. ಮಾಳಿಗೆ ಸೋರಿದಲ್ಲೆಲ್ಲ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕುವುದು ವಾಡಿಕೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದರ ತೂಕ ಸುಮಾರು 5 ಟನ್; ಎರಡಡಿಯಾದರೆ 10 ಟನ್. ತಂದೆ ಹಾಕಿದ ಮಣ್ಣಿನ ಮೇಲೆ ಮಗ, ಮಗ ಹಾಕಿದುದರ ಮೇಲೆ ಮೊಮ್ಮಗ ಮಣ್ಣು ಹಾಕುತ್ತ ಬಂದನು. ಯಾರೂ ಮನೆಯನ್ನು ಅಲಕ್ಷಿಸಿರಲಿಲ್ಲ. ಪ್ರೀತಿಯಿಂದ ಮಾಡಿದ ದುರಸ್ತಿಯೇ ತಲೆಯ ಮೇಲಿನ ಭಾರವಾಯಿತು. ಮರದ ಕಂಬಗಳು ಮಾಳಿಗೆಯನ್ನು ಹೊತ್ತಿದ್ದ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತ ಉದಾಹರಣೆಗಳುಂಟು.

ಇದು ಕಲ್ಲಿನ ದೋಷವೆಂದು ಭಾವಿಸಬಾರದು. ಉದಗೀರದ ಕೋಟೆಯೂ, ನಿಲಂಗಾದ ನೀಲಕಂಠೇಶ್ವರ ದೇಗುಲವೂ ಇದೇ ನಾಡಿನ ಕರಿಗಲ್ಲಿನಿಂದ ಕಟ್ಟಿದವು, ಶತಮಾನಗಳಿಂದ ನಿಂತಿವೆ. ಒಪ್ಪವಾಗಿ ಕೆತ್ತಿ ಒಂದಕ್ಕೊಂದು ಬೆಸೆದ ಕಲ್ಲಿಗೂ, ಮಣ್ಣಿನಲ್ಲಿ ಸುಮ್ಮನೆ ಪೇರಿಸಿದ ಗುಂಡುಗಲ್ಲಿಗೂ ಅಷ್ಟು ಅಂತರ. ಆದರೆ ಕೆತ್ತಿದ ಕಲ್ಲಿನ ದೇಗುಲಗಳ ಗೋಡೆಯ ಒಡಲಿನಲ್ಲಿಯೂ ಬಹುಕಡೆ ಚೂರುಗಲ್ಲಿನ ತುಂಬುವಿಕೆಯೇ ಇರುತ್ತದೆ ಎಂಬುದನ್ನು ಮರೆಯಲಾಗದು.

ಕರಕಂಡ ಮಹಾರಾಜನ ಪಶ್ಚಾತ್ತಾಪ

ಅರಿಯದೆ ಮಾಡಿದ ದುರಸ್ತಿಯ ಕಥೆಯೊಂದು ನಮ್ಮ ಆಗಮೇತರ ಸಾಹಿತ್ಯದಲ್ಲಿ ಇದೇ ಸೀಮೆಗೆ ಸಂಬಂಧಿಸಿದೆ. ಕನಕಾಮರ ಮುನಿಗಳ ಅಪಭ್ರಂಶ ಕಾವ್ಯ ‘ಕರಕಂಡಚರಿಉ’ದಲ್ಲಿ ತೇರಾಪುರದ ಬಳಿಯ ಗುಹಾಲಯದ ಪ್ರಸಂಗವಿದೆ. ಆ ತೇರಾಪುರವನ್ನು ಇಂದಿನ ತೇರ್ ಎಂದೂ, ಗುಹೆಗಳನ್ನು ಧಾರಾಶಿವದ ಗುಹೆಗಳೆಂದೂ ವಿದ್ವಾಂಸರು ಗುರುತಿಸಿದ್ದಾರೆ. ಕರಕಂಡನು ಅಲ್ಲಿ ಪಾರ್ಶ್ವನಾಥ ಸ್ವಾಮಿಯ ಬಿಂಬವನ್ನು ಕಂಡು ಭಕ್ತಿಯಿಂದ ಪೂಜಿಸಿದನು. ಸಿಂಹಾಸನದ ಮೇಲಿದ್ದ ಒಂದು ಗಂಟು ಅವನ ಕಣ್ಣಿಗೆ ಕುರೂಪವಾಗಿ ತೋರಿತು. ಗುಹೆ ಕೊರೆಯುವಾಗ ಚಿಮ್ಮಿದ ನೀರಿನ ಸೆಲೆಯನ್ನು ತಡೆಯಲು ಇಟ್ಟ ಗಂಟದು ಎಂದು ವೃದ್ಧ ಶಿಲ್ಪಿಯು ತಿಳಿಸಿದರೂ ರಾಜನು ಅದನ್ನು ಒಡೆಯಿಸಿದನು. ನೀರು ಉಕ್ಕಿ ಗುಹೆಯೆಲ್ಲ ತುಂಬಿತು, ರಾಜನು ಪಶ್ಚಾತ್ತಾಪಪಟ್ಟನು.

ಕರಕಂಡನಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಕೇಳಿ ತಿಳಿಯುವ ತಾಳ್ಮೆಗೆ. ಇಂದು ನಮ್ಮ ಜೀರ್ಣೋದ್ಧಾರಗಳಲ್ಲಿಯೂ ಇದೇ ನಡೆಯುತ್ತಿರುವುದು ಶೋಚನೀಯ. ಹಳೆಯ ನೆಲಗಲ್ಲಿನ ಮೇಲೆ ಸಂಗಮವರಿ ಹಾಸುತ್ತೇವೆ. ಕೆತ್ತನೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿಯುತ್ತೇವೆ. ಸೋರುವ ಛಾವಣಿಯ ಮೇಲೆ ಕಾಂಕ್ರೀಟ್ ಹಾಕುತ್ತೇವೆ. ಐದಂಗುಲದ ಕಾಂಕ್ರೀಟ್ ಹಾಸು ಮೇಲೆ ಹೇಳಿದಷ್ಟೇ ಕೋಣೆಗೆ ಸುಮಾರು 3 ಟನ್ ಭಾರ ಸೇರಿಸುತ್ತದೆ. ಅಡ್ಡಗಲ್ಲಿಲ್ಲದ ಗೋಡೆಯ ಮೇಲೆ ಇದನ್ನು ಹೇರುವುದು ಕಿಲ್ಲಾರಿಯ ತಪ್ಪನ್ನೇ ಹೊಸ ಸಾಮಗ್ರಿಯಿಂದ ಮಾಡಿದಂತೆ.

ಪಾಲಿಸಬೇಕಾದ ಪಾಠಗಳು

ಮೊದಲನೆಯದು ನೀರು. ಕಲ್ಲುಕಟ್ಟಡದ ರೋಗಗಳಲ್ಲಿ ಹೆಚ್ಚಿನವು ನೀರಿನಿಂದಲೇ ಬರುತ್ತವೆ. ಛಾವಣಿಯ ತೂಬು, ತಳಪಾಯದ ಸುತ್ತಲ ಇಳಿಜಾರು, ಅಭಿಷೇಕದ ನೀರು ಹೊರಹೋಗುವ ಪ್ರಣಾಲ ಇವುಗಳನ್ನು ಮಳೆಗಾಲಕ್ಕೆ ಮುನ್ನ ಮತ್ತು ಅನಂತರ ಪರೀಕ್ಷಿಸಬೇಕು. ಇಲ್ಲಿಯ ಎರೆಭೂಮಿ ತೊಯ್ದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ತಳಪಾಯದ ಬಳಿ ನೀರು ನಿಂತರೆ ಗೋಡೆ ಬಿರುಕು ಬಿಡುವುದು ಸಹಜ.

ಎರಡನೆಯದು ಸುಣ್ಣದ ಗಾರೆ. ಸುಣ್ಣದಲ್ಲಿ ಕಟ್ಟಿದ ಗೋಡೆಯ ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ಒಳಸೇರಿದ ತೇವ ಹೊರಬರಲು ದಾರಿಯಿಲ್ಲದೆ ಗೋಡೆಯ ಒಡಲು ಸಡಿಲವಾಗುತ್ತದೆ. ಚೆನ್ನಾಗಿ ಅರಳಿಸಿ ನೆನೆಹಾಕಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕೂಡಿಸಿದ ಗಾರೆ ಉಸಿರಾಡುತ್ತದೆ. ಮುಂದೆ ತೆಗೆಯಬೇಕಾದರೂ ಕಲ್ಲಿಗೆ ಹಾನಿಯಿಲ್ಲ. ಗಾರೆಗೆ ಬೆಲ್ಲ, ಅಳಲೆಕಾಯಿ ಸೇರಿಸುವ ಪದ್ಧತಿಯಿದೆ. ಕೆಲವು ಕಡೆ ಮೊಟ್ಟೆಯನ್ನೂ ಬಳಸುವುದರಿಂದ ಅದು ಕೂಡದೆಂದು ಗೌಂಡಿಗಳಿಗೆ ಮೊದಲೇ ತಿಳಿಸಬೇಕು. ಮಳೆಯಲ್ಲಿ ಗಾರೆ ಕೂಡಿಕೊಳ್ಳದು, ಕಡುಬಿಸಿಲಿನಲ್ಲಿ ಬೇಗ ಒಣಗಿ ಬಿರಿಯುವುದು. ನೆಲ ಅಗೆಯಲು ಹಿಂಜರಿಯುವ ಚಾತುರ್ಮಾಸ ಕಳೆದ ಮೇಲೆ ಕೆಲಸ ತೊಡಗುವುದು ಜೀವದಯೆಗೂ ಗಾರೆಗೂ ಹಿತ.

ಮೂರನೆಯದು ಅಡ್ಡಗಲ್ಲು. ಹೊಸದಾಗಿ ಕಟ್ಟುವ ಕಲ್ಲುಗೋಡೆಯ ದಪ್ಪ 450 ಮಿ.ಮೀ. ಮೀರಬಾರದು, ಎತ್ತರದಲ್ಲಿ ಪ್ರತಿ 600 ಮಿ.ಮೀ.ಗೆ, ಉದ್ದದಲ್ಲಿ 1.2 ಮೀಟರಿಗೆ ಮೀರದಂತೆ, ಗೋಡೆಯ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಾಯುವ ಕಲ್ಲುಗಳಿರಬೇಕು. ಕಿಲ್ಲಾರಿಯ ಅನಂತರ ಉಳಿದ ಮನೆಗಳಿಗೆ ಅನುಸರಿಸಿದ ಒಂದು ಕ್ರಮವೆಂದರೆ, ಗೋಡೆಯಲ್ಲಿ ಮೆಲ್ಲನೆ ರಂಧ್ರ ಮಾಡಿ ಕೊಕ್ಕೆಯುಳ್ಳ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬುವುದು. ಸಾಮಾನ್ಯ ಪಾಠಶಾಲೆ, ಧರ್ಮಶಾಲೆಗಳಿಗೆ ಇದು ಉಪಯುಕ್ತ. ಪ್ರಾಚೀನ ಜಿನಾಲಯಗಳಲ್ಲಿ ಮಾತ್ರ ತಜ್ಞರ ಸಲಹೆಯಿಲ್ಲದೆ ರಂಧ್ರ ಕೊರೆಯಲಾಗದು.

ನಾಲ್ಕನೆಯದು ಕಬ್ಬಿಣದ ವಿಷಯದಲ್ಲಿ ಎಚ್ಚರ. ಗ್ರೀಸ್ ದೇಶದ ಪಾರ್ಥೆನಾನ್ ದೇಗುಲವನ್ನು 20ನೆಯ ಶತಮಾನದ ಆರಂಭದಲ್ಲಿ ದುರಸ್ತಿಗೊಳಿಸಿದಾಗ ಬಳಸಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿದವು. ಮುಂದೆ ಅವನ್ನು ತೆಗೆದು ಟೈಟಾನಿಯಂ ಕೊಂಡಿಗಳನ್ನು ಹಾಕಬೇಕಾಯಿತು. ಹಳೆಯ ಕಲ್ಲುಗಳನ್ನು ಬಂಧಿಸಬೇಕಾದಲ್ಲಿ ತುಕ್ಕು ಹಿಡಿಯದ ಉಕ್ಕನ್ನೇ ಬಳಸುವುದು ಕ್ಷೇಮ.

ಐದನೆಯದು ದಾಖಲೆ ಮತ್ತು ಕಾನೂನು. ಕೆಲಸಕ್ಕೆ ಮೊದಲು ಪ್ರತಿಯೊಂದು ಗೋಡೆ, ಬಿಂಬ, ಶಾಸನಗಳ ಛಾಯಾಚಿತ್ರ ತೆಗೆದು, ಬಿಚ್ಚುವ ಕಲ್ಲುಗಳಿಗೆ ಸಂಖ್ಯೆ ಬರೆಯಿಸಬೇಕು. ಬಿರುಕಿನ ಮೇಲೆ ಗಾರೆಯ ಸಣ್ಣ ಪಟ್ಟಿ ಹಚ್ಚಿ ದಿನಾಂಕ ಬರೆದಿಟ್ಟರೆ, ಪಟ್ಟಿ ಸೀಳಿದಾಗ ಬಿರುಕು ಬೆಳೆಯುತ್ತಿದೆಯೆಂದು ತಿಳಿಯುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ದುರಸ್ತಿಗೂ ಅನುಮತಿ ಅವಶ್ಯ.

ಉದ್ಧಾರದ ನಿಜವಾದ ಅರ್ಥ

ಕನ್ನಡ ನಾಡಿನ ಶಾಸನಗಳಲ್ಲಿ ಬಸದಿಗಳಿಗೆ ದತ್ತಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಹೇಳುವುದು ರೂಢಿ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು. ಮುರಿದುದನ್ನೂ ಬಿರಿದುದನ್ನೂ ಸರಿಪಡಿಸಲು ನಮ್ಮ ಹಿರಿಯರು ಪೂಜೆ ಮತ್ತು ಆಹಾರದಾನಗಳ ಸಾಲಿನಲ್ಲಿಯೇ ಭೂಮಿ ಬಿಟ್ಟರು. ಹೊಯ್ಸಳ ದಂಡನಾಯಕ ಗಂಗರಾಜನನ್ನು ಶಾಸನಗಳು ಗಂಗವಾಡಿಯ ಬಸದಿಗಳ ಜೀರ್ಣೋದ್ಧಾರಕನೆಂದು ಕೊಂಡಾಡಿವೆ. ದಾನಚಿಂತಾಮಣಿ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ ಕಟ್ಟಿಸಿದ ಜಿನಾಲಯವು ಸಾವಿರ ವರ್ಷಗಳ ಮೇಲೆಯೂ ನಿಂತಿದೆ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದು ನೂತನ ನಿರ್ಮಾಣವೇ ಹೊರತು ಜೀರ್ಣೋದ್ಧಾರವಲ್ಲ. ಹಾಗೆಯೇ ಬಿರಿದ ಗೋಡೆಯ ಕೆಳಗೆ ಮಕ್ಕಳನ್ನು ಪಾಠಕ್ಕೆ ಕೂರಿಸುವುದು ಭಕ್ತಿಯಲ್ಲ, ಪ್ರಮಾದ. ಪ್ರಮಾದದಿಂದ ಪ್ರಾಣಹಾನಿಯಾಗುವುದೇ ಹಿಂಸೆಯೆಂದು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ನಮಗೆ ಬೋಧಿಸಿದೆ.

ಆದುದರಿಂದ ಈ ಪರ್ವದ ದಿನಗಳಲ್ಲಿ ದರ್ಶನಕ್ಕೆ ಬಂದಾಗ ಪ್ರದಕ್ಷಿಣೆಯ ಅನಂತರ ಇನ್ನೊಂದು ಸುತ್ತು ಬನ್ನಿರಿ. ಗೋಡೆ ಎಲ್ಲಿ ಉಬ್ಬಿದೆ, ನೀರು ಎಲ್ಲಿ ನಿಂತಿದೆ, ಛಾವಣಿಯ ಮೇಲೆ ಎಷ್ಟು ಪದರಗಳಿವೆ ಎಂಬುದನ್ನು ನೋಡಿ ವಿಶ್ವಸ್ತರಿಗೆ ತಿಳಿಸಿರಿ. ಅದೂ ಒಂದು ವೈಯಾವೃತ್ಯವೇ ಸರಿ.

ಜೈ ಜಿನೇಂದ್ರ.