ಅಂಬಲಿಗೆ ಒಗ್ಗುವ ನೀರು

ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲವಾದರೂ, ಅದಕ್ಕೆ ನೀರು ಹದಮಾಡುವ ತಿಳಿವಳಿಕೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಜೋಳದ ಅಂಬಲಿಗೆ ಹಿಟ್ಟು ಹುಳಿ ಬರಿಸಲು ಹೊಸದಾಗಿ ಕಲಿಯುವವರಿಗೂ ಒದಗುತ್ತದೆ. ನಳದ ನೀರಿನಲ್ಲಿ ಉಳಿದ ಕ್ಲೋರಿನ್, ಅಂದರೆ ರೋಗಾಣು ಕೊಲ್ಲಲು ಬೆರೆಸಿದ ವಸ್ತು, ಹುಳಿ ಬರಿಸುವ ಸೂಕ್ಷ್ಮಜೀವಿಗಳನ್ನೂ ಕುಗ್ಗಿಸಬಲ್ಲದಾದ್ದರಿಂದ, ನೀರನ್ನು ತೆರೆದ ಪಾತ್ರೆಯಲ್ಲಿ ಕುದಿಸಿ, ಮುಚ್ಚಿ ಆರಿಸಿ, ಉಗುರುಬೆಚ್ಚಗಾದ ಮೇಲೆಯೇ ಹಿಟ್ಟು, ಮಜ್ಜಿಗೆ ಸೇರಿಸುವುದು ಲೇಸು. ಕೊಳವೆಬಾವಿಯ ನೀರಿನ ತೊಡಕು ಬೇರೆ: ಅದರಲ್ಲಿ ಕರಗಿರುವ ಬೈಕಾರ್ಬೊನೇಟುಗಳು, ಅಂದರೆ ತಾತ್ಕಾಲಿಕ ಗಡಸುತನಕ್ಕೆ ಕಾರಣವಾದ ಲವಣಗಳು, ಹುಟ್ಟಿದ ಆಮ್ಲವನ್ನು ನುಂಗಿ ಹುಳಿಯನ್ನು ತಡಮಾಡುತ್ತವೆ. ಕುದಿಸಿ ಆರಿಸಿದಾಗ ತಳಕ್ಕೆ ಕೂರುವ ಬಿಳಿ ಪುಡಿಯನ್ನು ಕದಡದೆ ಮೇಲಿನ ತಿಳಿನೀರನ್ನಷ್ಟೇ ಬಸಿದುಕೊಳ್ಳಬೇಕು. ಸವಳು ನೀರಿಗೆ ಮಾತ್ರ ಒಲೆಯ ಮೇಲೆ ಮದ್ದಿಲ್ಲ. ಕುದಿದಷ್ಟೂ ಅದರ ಉಪ್ಪು ಏರುತ್ತದೆ.